ಗಿಡ ಸೊಕ್ಕಿತು, ಕಾಯಿ ಕಚ್ಚಲಿಲ್ಲ: ತಾರಸಿಯ ನಾಟಿ ಟೊಮೆಟೊ

ಪ್ರಶ್ನೆ: ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ. ತಾರಸಿಗೆ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ಬೀಳುತ್ತದೆ. ಚಿಕ್ಕಂದಿನಲ್ಲಿ ಮಾಗಡಿ ಹತ್ತಿರದ ಅಜ್ಜಿ ಮನೆ ಹಿತ್ತಲಲ್ಲಿ ತಿಂದ, ಗೀರು ಗೀರಾಗಿ ಉಬ್ಬಿದ, ಹುಳಿಹುಳಿ ನಾಟಿ ಟೊಮೆಟೊದ ರುಚಿ ಮತ್ತೆ ಬೇಕೆನಿಸಿ, ಜನವರಿ ಕೊನೆಯಲ್ಲಿ ಆನ್‌ಲೈನ್‌ನಲ್ಲಿ ಬ್ರಾಂಡಿವೈನ್, ಚೆರೋಕಿ ಪರ್ಪಲ್ ಎಂಬ ವಿದೇಶದ ಹಳೆಯ (ಹೇರ್ಲೂಮ್) ತಳಿಗಳ ಬೀಜ ತರಿಸಿ ಬಿತ್ತಿದೆ. ಜೊತೆಗೆ ಮಾರ್ಕೆಟ್ಟಿನ ನಾಟಿ ಹಣ್ಣಿನ ಬೀಜವನ್ನೂ ಹಾಕಿದೆ. ಎಂಟು ಗ್ರೋ ಬ್ಯಾಗ್. ಗಿಡ ನನ್ನೆತ್ತರ ಬೆಳೆದವು. ಏಪ್ರಿಲ್‌ನಲ್ಲಿ ಹೂವೆಲ್ಲ ಉದುರಿದವು, ಮೂರು ಗಿಡದ ಎಲೆ ಮುದುರಿಕೊಂಡವು. ಎಂಟು ಗಿಡದಿಂದ ಒಟ್ಟು ಹನ್ನೊಂದು ಹಣ್ಣು, ಅದರಲ್ಲೂ ನಾಲ್ಕರ ತಳ ಕಪ್ಪು. ಹಸುವಿನ ಗೊಬ್ಬರ, ಮೊಟ್ಟೆ ಸಿಪ್ಪೆ, ಎಪ್ಸಮ್ ಸಾಲ್ಟ್ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಚಿಕ್ಕಬಳ್ಳಾಪುರದ ಕಡೆ ಒಂದೇ ಗಿಡಕ್ಕೆ 19 ಕೆಜಿ ಬಂತು ಅಂತ ಓದಿದ್ದೆ. ರುಚಿಯೂ ಇದ್ದು, ಕೈತುಂಬ ಕಾಯಿಯೂ ಬಿಟ್ಟು, ಬೀಜ ಉಳಿಸಿಕೊಳ್ಳಬಹುದಾದ ತಳಿ ಯಾವುದಾದರೂ ಇದೆಯೇ?

ಉತ್ತರ: ಮೇಡಂ, ತಳಿಯ ಹೆಸರು ಹೇಳುತ್ತೇನೆ, ಸ್ವಲ್ಪ ತಾಳಿ. ನಿಮ್ಮ ಪತ್ರದಲ್ಲಿ ನಾನು ಗೆರೆ ಎಳೆದಿಟ್ಟುಕೊಂಡದ್ದು ‘ಜನವರಿ ಕೊನೆ’ ಎನ್ನುವ ಮಾತಿನ ಕೆಳಗೆ. ನಿಮ್ಮ ಎಂಟು ಚೀಲಗಳ ಹಣೆಬರಹ ಅಂದೇ ಬರೆದಾಗಿತ್ತು. ಆಮೇಲೆ ನೀವು ಏನೇ ಹಾಕಿದ್ದರೂ ಇಷ್ಟೇ ಆಗುತ್ತಿತ್ತು.

ಜನವರಿ ಕೊನೆಗೆ ಬಿತ್ತಿದರೆ ಸಸಿ ಚೀಲಕ್ಕೆ ಹೋಗುವುದು ಫೆಬ್ರವರಿ ಕೊನೆಗೆ, ಹೂ ತುಂಬುವುದು ಮಾರ್ಚ್ ಕೊನೆಯಿಂದ ಏಪ್ರಿಲ್‌ಗೆ. ಬೆಂಗಳೂರಿನ ವರ್ಷದಲ್ಲಿ ಟೊಮೆಟೊ ಹೂವಿಗೆ ಇದಕ್ಕಿಂತ ಕೆಟ್ಟ ತಿಂಗಳು ಇನ್ನೊಂದಿಲ್ಲ. ಹಗಲಿನ ಬಿಸಿಲನ್ನು ಗಿಡ ಹೇಗೋ ತಡೆದುಕೊಳ್ಳುತ್ತದೆ, ರಾತ್ರಿಯ ಸೆಕೆಯನ್ನು ಹೂವು ತಡೆಯುವುದಿಲ್ಲ. ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಪರಾಗ ಚೆನ್ನಾಗಿ ಬಲಿಯುತ್ತದೆ, ಕಾಯಿ ಕಚ್ಚುತ್ತದೆ. ಹಗಲು 34–35 ಮುಟ್ಟಿ, ರಾತ್ರಿಯೂ 22–23ರ ಕೆಳಗೆ ಇಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ. ಹಗಲೆಲ್ಲ ಕಾದ ತಾರಸಿಯ ಕಾಂಕ್ರೀಟು ಆ ಕಾವನ್ನು ರಾತ್ರಿಯೆಲ್ಲ ಬಿಡುತ್ತಿರುತ್ತದೆಯಾದ್ದರಿಂದ ಹವಾಮಾನ ಇಲಾಖೆ ಹೇಳುವ ರಾತ್ರಿಗಿಂತ ನಿಮ್ಮ ಚೀಲದ ಪಕ್ಕದ ರಾತ್ರಿ ಇನ್ನೂ ಬಿಸಿ. 2024ರ ಏಪ್ರಿಲ್‌ನಲ್ಲಂತೂ ನಗರದಲ್ಲಿ ಪಾದರಸ 38 ದಾಟಿತ್ತು. ಆ ತಿಂಗಳು ನನ್ನ ತಾರಸಿಯಲ್ಲೂ ಒಂದು ಹೀಚು ನಿಲ್ಲಲಿಲ್ಲ.

ಉದುರಿದ ಹೂವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿದ್ದೀರಾ? ಟೊಮೆಟೊ ಹೂವಿನ ತೊಟ್ಟಿನ ನಡುವೆ ಮೊಣಕೈಯಂಥ ಒಂದು ಗಂಟು ಇರುತ್ತದೆ. ಪರಾಗ ಕೂಡದ ಹೂವಿನಲ್ಲಿ ಮೊದಲು ಹಳದಿ ತಿರುಗುವುದು ಆ ಗಂಟು, ಆಮೇಲೆ ಅಲ್ಲಿಂದಲೇ ಕತ್ತರಿಸಿದ ಹಾಗೆ ಕಳಚಿ ಬೀಳುತ್ತದೆ. ಗಂಟಿನವರೆಗಿನ ತೊಟ್ಟಿನ ಸಮೇತ ಹೂವು ಬಿದ್ದಿದ್ದರೆ, ಹೂವಿನ ಮೇಲೆ ಹುಳ ಕೊರೆದ ಗುರುತೂ ಇಲ್ಲದಿದ್ದರೆ, ಔಷಧಿ ಅಂಗಡಿಗೆ ಹೋಗಬೇಡಿ. ಅದು ಸೆಕೆಯ ಕೆಲಸ.

ಇನ್ನು ಗಿಡ ನಿಮ್ಮೆತ್ತರ ಬೆಳೆದದ್ದು. ನಮ್ಮ ಹಳ್ಳಿಯವರು ಇದನ್ನು ನೋಡಿದ ತಕ್ಷಣ ‘ಸೊಕ್ಕಿದೆ’ ಅಂದುಬಿಡುತ್ತಾರೆ. ಗೊಬ್ಬರ ಜಾಸ್ತಿಯಾಗಿ ಸಾರಜನಕ ಹೆಚ್ಚಾದರೆ ಗಿಡ ಕಡು ಹಸಿರಾಗಿ, ಕಾಂಡ ಹೆಬ್ಬೆರಳು ದಪ್ಪವಾಗಿ, ಎಲೆಯ ಮೇಲೆ ಎಲೆ ಹಾಕುತ್ತ ಹೋಗುತ್ತದೆ. ಕಾಯಿ ಬಿಡುವ ಯೋಚನೆಯೇ ಅದಕ್ಕೆ ಬರುವುದಿಲ್ಲ. ಎಪ್ಸಮ್ ಸಾಲ್ಟ್ ಕೊಡುವುದು ಮೆಗ್ನೀಷಿಯಂ ಮತ್ತು ಗಂಧಕ. ಮಣ್ಣಿನಲ್ಲಿ ಅದರ ಕೊರತೆ ಇಲ್ಲದಿದ್ದರೆ ಹಾಕಿದ್ದು ದಂಡ. ವಿಡಿಯೋ ನೋಡಿ ಎಪ್ಸಮ್ ಸಾಲ್ಟ್ ಕೊಂಡವರೆಲ್ಲ ಅದನ್ನು ಬಿಸಿನೀರಿಗೆ ಹಾಕಿ ಕಾಲಾದರೂ ಅದ್ದಿಕೊಂಡಿದ್ದರೆ ನೋವು ಹೋಗುತ್ತಿತ್ತೇನೋ.

ಮುದುರಿದ ಎಲೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ಟೊಮೆಟೊ ಬೆಳೆಯುವವರ ನಿಜವಾದ ಶತ್ರು ಇದೇ. ಎರಡು ಬಗೆಯ ಮುದುರು ಇದೆ. ಒಂದರಲ್ಲಿ ಕೆಳಗಿನ ಬಲಿತ ಎಲೆಗಳು ಬಿಸಿಲಿಗೆ ಮೇಲ್ಮುಖವಾಗಿ ದೊನ್ನೆಯಂತೆ ಮಡಚಿಕೊಳ್ಳುತ್ತವೆ, ಮುಟ್ಟಿದರೆ ದಪ್ಪವಾಗಿ, ಚರ್ಮದಂತೆ ಇರುತ್ತವೆ. ಕುಡಿ ಮಾತ್ರ ಸರಿಯಾಗಿ ಬೆಳೆಯುತ್ತಿರುತ್ತದೆ. ಇದಕ್ಕೆ ಚಿಂತೆ ಬೇಡ. ಇನ್ನೊಂದು ಶುರುವಾಗುವುದೇ ಕುಡಿಯಲ್ಲಿ. ಹೊಸ ಎಲೆ ಹುಣಸೆ ಚಿಗುರಿನಷ್ಟು ಚಿಕ್ಕದಾಗಿ, ನರಗಳ ನಡುವೆ ಹಳದಿಯಾಗಿ, ಅಂಚು ಒಳಕ್ಕೆ ಸುರುಳಿಕೊಂಡು ಹುಟ್ಟುತ್ತದೆ. ಗೆಣ್ಣು ಗೆಣ್ಣಿನ ಅಂತರ ಕುಗ್ಗಿ ಗಿಡದ ತಲೆ ಪೊರಕೆಯಂತಾಗುತ್ತದೆ. ರೈತರು ಮುಟುರು ರೋಗ ಎನ್ನುವುದು ಇದಕ್ಕೇ. ಹರಡುವುದು ಬಿಳಿನೊಣ. ಈ ರೋಗ ತರುವ ವೈರಸ್ಸುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ‘ಟೊಮ್ಯಾಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್’. ಊರಿನ ಹೆಸರು ಯಾವ್ಯಾವುದಕ್ಕೋ ಅಂಟಿಕೊಳ್ಳುತ್ತದೆ ನೋಡಿ!

ಈ ವೈರಸ್ಸಿಗೆ ಮದ್ದಿಲ್ಲ. ಬೇವಿನೆಣ್ಣೆ ಬಿಳಿನೊಣವನ್ನು ಸ್ವಲ್ಪ ದೂರವಿಡುತ್ತದೆಯೇ ಹೊರತು ರೋಗ ಹತ್ತಿದ ಗಿಡವನ್ನು ವಾಸಿಮಾಡುವುದಿಲ್ಲ. ಗಿಡ ಎಷ್ಟು ಎಳೆಯದಿದ್ದಾಗ ರೋಗ ಹತ್ತಿತೋ ನಷ್ಟ ಅಷ್ಟು ದೊಡ್ಡದು. ಸಸಿಯಲ್ಲೇ ಹತ್ತಿದರೆ ಒಂದು ಕಾಯಿಯೂ ಸಿಗದು, ನಾಟಿ ಮಾಡಿ ಎರಡು ತಿಂಗಳಾದ ಮೇಲೆ ಹತ್ತಿದರೆ ಅಷ್ಟರಲ್ಲಿ ಕಚ್ಚಿದ ಕಾಯಿಯಾದರೂ ಕೈಗೆ ಬರುತ್ತದೆ. ಹಾಗಾಗಿ ನೀವು ಕಾಯಬೇಕಾದ್ದು ಗಿಡದ ಮೊದಲ ಐವತ್ತು ದಿನ. ಬಿಳಿನೊಣ ವಿಪರೀತವಾಗುವುದು ಒಣ ಬೇಸಿಗೆಯಲ್ಲಿ. ನಿಮ್ಮ ಎಳೆಯ ಗಿಡಗಳು ಫೆಬ್ರವರಿ, ಮಾರ್ಚ್‌ನಲ್ಲಿ ಅದರ ಬಾಯಿಗೇ ಸಿಕ್ಕವು.

ಇಷ್ಟು ಹೇಳಿದ ಮೇಲೆ ಯಾವಾಗ ಬಿತ್ತಬೇಕು ಎಂಬುದು ನಿಮಗೇ ಹೊಳೆದಿರಬೇಕು. ಬೀಜ ಟ್ರೇಗೆ ಬೀಳಬೇಕಾದ್ದು ಸೆಪ್ಟೆಂಬರ್ ಕೊನೆಯ ವಾರ. ಹಬ್ಬದ ಲೆಕ್ಕದಲ್ಲಿ ಗಣೇಶನನ್ನು ನೀರಿಗೆ ಬಿಟ್ಟ ಮೇಲೆ, ದಸರಾ ಗೊಂಬೆ ಇಳಿಸುವುದರೊಳಗೆ. ಅಕ್ಟೋಬರ್ 20ರ ಆಸುಪಾಸು ಸಸಿ ಚೀಲಕ್ಕೆ. ಅಷ್ಟರಲ್ಲಿ ಹಿಂಗಾರಿನ ದೊಡ್ಡ ಮಳೆಗಳು ಒಂದು ಹದಕ್ಕೆ ಬಂದಿರುತ್ತವೆ. ಕಾರ್ತಿಕದಲ್ಲಿ ಹೂ, ಡಿಸೆಂಬರ್ ಕೊನೆಗೆ ಮೊದಲ ಹಣ್ಣು. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ನೀವು ಅಂಗಡಿಯಲ್ಲಿ ಟೊಮೆಟೊ ಕೊಳ್ಳಬಾರದು. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿ 15–16 ಡಿಗ್ರಿ, ಹಗಲು 27–28. ಟೊಮೆಟೊ ತನಗಾಗಿ ಊರು ಹುಡುಕಿಕೊಂಡಿದ್ದರೆ ಈ ಎರಡು ತಿಂಗಳು ಇಲ್ಲಿಯೇ ಬಂದಿರುತ್ತಿತ್ತು. ಜೂನ್‌ನಲ್ಲಿ ಹಾಕಿದರೂ ಬೆಳೆಯುತ್ತದೆ, ಆದರೆ ಮಳೆಗೆ ಎಲೆರೋಗ ಜಾಸ್ತಿ, ಹಣ್ಣು ಸಪ್ಪೆ ಮತ್ತು ಸೀಳು.

ತಾರಸಿ ಇಲ್ಲದೆ ಬಾಲ್ಕನಿ ಮಾತ್ರ ಇರುವ ಓದುಗರಿಗೆ ಇಲ್ಲೇ ಒಂದು ಮಾತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ನಮ್ಮ ನೆರಳು ಕಾಲ ಕೆಳಗೇ ಸೇರಿಹೋಗುವ ಶೂನ್ಯ ನೆರಳಿನ ದಿನ ಬರುತ್ತದಲ್ಲ, ಆ ಎರಡು ದಿನಗಳ ನಡುವೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಅಂದರೆ ಚಳಿಗಾಲದ ಟೊಮೆಟೊಗೆ ದಕ್ಷಿಣದ ಬಾಲ್ಕನಿ ಹೇಳಿ ಮಾಡಿಸಿದ್ದು. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನೇರ ಬಿಸಿಲೇ ಬೀಳುವುದಿಲ್ಲ. ಅಲ್ಲಿ ಪುದೀನ, ಒಂದೆಲಗ ಬೆಳೆಯಿರಿ, ಟೊಮೆಟೊ ಆಸೆ ಬಿಡಿ. ಆರು ಗಂಟೆ ಬಿಸಿಲಿಲ್ಲದೆ ಇದು ಆಗುವ ಕೆಲಸವಲ್ಲ.

ಈಗ ತಳಿ. ಮೊದಲು 19 ಕೆಜಿಯ ಕಥೆ ಮುಗಿಸೋಣ. ಅದು ಅರ್ಕಾ ರಕ್ಷಕ್, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್. ಮುಟುರು ರೋಗ, ದುಂಡಾಣು ಸೊರಗು ರೋಗ, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವ ತಳಿ. ಒಳ್ಳೆಯದೇ, ಸಂದೇಹವಿಲ್ಲ. ಆದರೆ ಆ 19 ಕೆಜಿ ಹೊಲದ ನೆಲದಲ್ಲಿ, ಹನಿ ನೀರಾವರಿಯಲ್ಲಿ, ಪಳಗಿದ ರೈತನ ಕೈಯಲ್ಲಿ ಬಂದದ್ದು. ಎಲ್ಲಕ್ಕಿಂತ ಮುಖ್ಯ, ಅದು ಎಫ್‌1, ಅಂದರೆ ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆ. ಅದರ ಹಣ್ಣಿನ ಬೀಜ ಹಾಕಿದರೆ ಮುಂದಿನ ಪೀಳಿಗೆಯಲ್ಲಿ ಒಂದು ಗಿಡ ಒಂದರಂತಿರುವುದಿಲ್ಲ. ಬೀಜ ಉಳಿಸಿಕೊಳ್ಳಬೇಕು ಎನ್ನುವ ನಿಮಗೆ ಅದು ಹೊಂದದು. ಮಾರ್ಕೆಟ್ಟಿನ ‘ನಾಟಿ’ ಹಣ್ಣಿನ ಬೀಜದಲ್ಲಿ ನೀವು ಮೋಸ ಹೋದದ್ದೂ ಇದೇ ಕಾರಣಕ್ಕೆ ಇರಬಹುದು. ಗೀರು ಗೀರಾಗಿ, ಹುಳಿಯಾಗಿ, ಹೆಗಲು ಹಸಿರಾಗಿ ಇದ್ದರೆ ಅಂಗಡಿಯವರಿಗೆ ಅದು ನಾಟಿ, ಉರುಟಾಗಿ ಗಟ್ಟಿಯಾಗಿದ್ದರೆ ಫಾರಂ. ಆದರೆ ಹುಳಿ ಹಣ್ಣಿಗೆ ನಮ್ಮಲ್ಲಿ ಒಳ್ಳೆ ಗಿರಾಕಿ ಇರುವುದರಿಂದ ಬೀಜದ ಕಂಪನಿಗಳು ನಾಟಿಯಂತೆ ಕಾಣುವ ಹೈಬ್ರಿಡ್‌ಗಳನ್ನೂ ತಂದಿವೆ. ಹಣ್ಣನ್ನು ನೋಡಿ ತಳಿ ಹೇಳುವುದು ನನ್ನ ಕೈಲೂ ಆಗುವುದಿಲ್ಲ.

ನಿಮಗೆ ನಾನು ಹೇಳುವ ತಳಿ ಅರ್ಕಾ ವಿಕಾಸ್. ಇದೂ ಹೆಸರಘಟ್ಟದ್ದೇ, ಆದರೆ ಹೈಬ್ರಿಡ್ ಅಲ್ಲ. ಟಿಪ್ ಟಾಪ್ ಎಂಬ ಅಮೆರಿಕದ ತಳಿಯಿಂದ ಆರಿಸಿ ಶುದ್ಧಗೊಳಿಸಿದ ತಳಿ. ಬೀಜ ಇಟ್ಟುಕೊಂಡರೆ ತಾಯಿಯಂತೆಯೇ ಮಗಳು. ಹಣ್ಣು 80–90 ಗ್ರಾಂ, ಮೇಲೆ ಕೆಳಗೆ ಸ್ವಲ್ಪ ಚಪ್ಪಟೆ, ತೊಟ್ಟಿನ ಸುತ್ತ ತಿಳಿ ಹಸಿರು ಹೆಗಲು, ಹಣ್ಣಾದಾಗ ಕಡು ಕೆಂಪು. ನೀರು ಒಂದಿಷ್ಟು ಏರುಪೇರಾದರೂ ತಡೆದುಕೊಳ್ಳುತ್ತದೆ, ತಾರಸಿಗೆ ಅದು ದೊಡ್ಡ ಗುಣ. ಹೆಕ್ಟೇರಿಗೆ 35–40 ಟನ್ ಎಂದು ಸಂಸ್ಥೆಯವರು ಹೇಳುತ್ತಾರೆ. ಗಿಡಕ್ಕೆ ಹಂಚಿದರೆ ಒಂದೂವರೆ ಕೆಜಿ ಆಸುಪಾಸು. ಚೀಲದಲ್ಲಿ ಚೆನ್ನಾಗಿ ನೋಡಿಕೊಂಡ ಗಿಡದಿಂದ ನನಗೆ ಎರಡು, ಎರಡೂವರೆ ಕೆಜಿ ಬಂದಿದೆ. ಎಂಟು ಚೀಲಕ್ಕೆ ಹದಿನಾರು ಕೆಜಿ ಎಂದಿಟ್ಟುಕೊಳ್ಳಿ. ನಾಲ್ಕು ಜನರ ಮನೆಯ ಸಾರಿಗೆ, ಗೊಜ್ಜಿಗೆ ಎರಡು ತಿಂಗಳು ಧಾರಾಳ. ಹಿಂದೆ ನಿಮ್ಮಲ್ಲಿ ಗಿಡ ಹಸಿರಾಗಿದ್ದಂತೆಯೇ ಒಂದೇ ದಿನದಲ್ಲಿ ಬಾಡಿ ಸತ್ತಿದ್ದರೆ ಮಾತ್ರ ಅರ್ಕಾ ಆಭಾ ನೋಡಿ, ಅದು ಸೊರಗು ರೋಗ ತಡೆಯುವ ಶುದ್ಧ ತಳಿ. ಸೊರಗು ರೋಗವೋ ಅಲ್ಲವೋ ಎಂದು ತಿಳಿಯಲು ಬಾಡಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಐದು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂತೆ ಬಿಳಿಯ ದ್ರವ ಇಳಿದರೆ ಅದೇ. ಆ ಚೀಲದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ತೋರಿಸಬೇಡಿ.

ಹಸಿರು ಹೆಗಲಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ನಿಮ್ಮ ಅಜ್ಜಿ ಮನೆಯ ರುಚಿಯ ಗುಟ್ಟಿನಲ್ಲಿ ಅದಕ್ಕೂ ಪಾಲಿದೆ. ಅಂಗಡಿಯ ಟೊಮೆಟೊ ತೊಟ್ಟಿನಿಂದ ತಳದವರೆಗೆ ಒಂದೇ ಬಣ್ಣಕ್ಕೆ ತಿರುಗಲಿ ಎಂದು ತಳಿಗಾರರು ದಶಕಗಳ ಕಾಲ ಒಂದು ಗುಣವನ್ನು ಆರಿಸುತ್ತ ಬಂದರು. ಆ ಗುಣದ ಹಿಂದೆ ಇದ್ದದ್ದು ಕೆಟ್ಟುಹೋದ ಒಂದು ಜೀನು, ಅದು ಸರಿಯಿದ್ದಾಗ ಕಾಯಿಯಲ್ಲಿ ಹಸಿರು ಕಣಗಳನ್ನು ಹೆಚ್ಚಿಸಿ ಸಕ್ಕರೆ ಕೂಡಿಸುತ್ತಿತ್ತು ಎಂದು 2012ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಚಂದದ ಬಣ್ಣಕ್ಕೆ ರುಚಿ ಕೊಟ್ಟು ವ್ಯಾಪಾರ ಕುದುರಿಸಿದ ಹಾಗಾಯಿತು. ನಾಟಿ ಹಣ್ಣಿನ ಇನ್ನೊಂದು ಬಲ ಅದರ ಲೋಳೆ. ಬೀಜದ ಸುತ್ತಲಿನ ಆ ಲೋಳೆಯಲ್ಲೇ ಹುಳಿಯೂ, ನಾಲಿಗೆಗೆ ಸಾರು ‘ಕಟ್ಟಿದಂತೆ’ ಅನಿಸುವ ಗ್ಲುಟಾಮೇಟೂ ತಿರುಳಿಗಿಂತ ಹೆಚ್ಚು. ಸಾಗಾಟಕ್ಕೆಂದು ತಿರುಳೇ ತುಂಬಿದ ಗಟ್ಟಿ ಹಣ್ಣಿನಲ್ಲಿ ಲೋಳೆ ಕಡಿಮೆ, ಸಾರಿಗೆ ಮತ್ತೆ ಹುಣಸೆಹಣ್ಣು ಕಿವುಚಬೇಕು.

ಸಸಿ ಮಾಡುವುದರಲ್ಲಿ ಅವಸರ ಬೇಡ. ಟ್ರೇಯಲ್ಲಿ ಎರೆಗೊಬ್ಬರ ಮತ್ತು ತೊಳೆದ ತೆಂಗಿನ ನಾರಿನ ಪುಡಿ ಸಮಸಮ. ಅಂಗಡಿಯಲ್ಲಿ ಕೋಕೋಪೀಟ್ ಎಂದು ಇಟ್ಟಿಗೆ ಕೊಡುತ್ತಾರಲ್ಲ, ಅದರಲ್ಲಿ ಉಪ್ಪಿರುತ್ತದೆ, ಎರಡು ಸಲ ನೆನೆಸಿ ಹಿಂಡಿ, ಆ ನೀರನ್ನು ಚೆಲ್ಲಿಬಿಡಿ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ. ಐದರಿಂದ ಎಂಟು ದಿನದಲ್ಲಿ ಮೊಳೆಯುತ್ತದೆ. ಮೊಳೆತ ದಿನವೇ ಟ್ರೇ ಬಿಸಿಲಿಗೆ, ಇಲ್ಲದಿದ್ದರೆ ಸಸಿ ದಾರದಂತೆ ಉದ್ದವಾಗುತ್ತದೆ. ಅದೇ ದಿನ ಪರದೆಯೂ ಬೀಳಬೇಕು. ಸೊಳ್ಳೆ ಪರದೆ ಹೊದೆಸಿ ನೆಮ್ಮದಿಯಾಗಿರುವವರನ್ನು ಬಹಳ ಕಂಡಿದ್ದೇನೆ. ಬಿಳಿನೊಣದ ಉದ್ದವೇ ಒಂದು ಮಿಲಿಮೀಟರ್, ಸೊಳ್ಳೆ ಪರದೆಯ ಕಣ್ಣಿನಲ್ಲಿ ಅದು ಆರಾಮಾಗಿ ನುಸುಳುತ್ತದೆ. 40–50 ಮೆಶ್‌ನ (ಅಂಗುಲಕ್ಕೆ ಅಷ್ಟು ಕಣ್ಣಿನ) ನೈಲಾನ್ ಪರದೆ ಎಂದು ಕೇಳಿ ತನ್ನಿ. ಸಿಗದಿದ್ದರೆ ಹಳೆಯ ತೆಳು ವಾಯಿಲ್ ದುಪಟ್ಟಾ ಸಾಕು. ಕಬ್ಬಿಣದ ತಂತಿ ನಾಲ್ಕು ಕಮಾನು ಬಗ್ಗಿಸಿ ಅದರ ಮೇಲೆ ಹೊದೆಸಿ, ಅಂಚಿಗೆ ಕಲ್ಲು ಇಡಿ. ನೀರು ಹಾಕಲು ತೆಗೆದಾಗ ಮತ್ತೆ ಮುಚ್ಚುವುದನ್ನು ಮರೆಯುವುದೇ ಎಲ್ಲರ ತಪ್ಪು. ನನ್ನದೂ. ಒಂದು ವರ್ಷ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಎರಡು ದಿನ ತೆರೆದಿಟ್ಟು ಹೋಗಿದ್ದೆ, ಮೂವತ್ತು ಸಸಿಯಲ್ಲಿ ಇಪ್ಪತ್ತೊಂದಕ್ಕೆ ಮುಟುರು ಹತ್ತಿತು.

25 ದಿನಕ್ಕೆ ಸಸಿ ನಾಟಿಗೆ ಸಿದ್ಧ. (ನಾಟಿ ಟೊಮೆಟೊ ನಾಟಿ ಮಾಡುವುದು ಎಂದು ಬರೆದಾಗಲೆಲ್ಲ ನನಗೇ ನಗು ಬರುತ್ತದೆ. ‘ನಾಟಿ’ ಎಂದು ನಾವು ಹೆಮ್ಮೆಪಡುವ ಈ ಗಿಡ ದಕ್ಷಿಣ ಅಮೆರಿಕದಿಂದ ಬಂದದ್ದು ಬೇರೆ.) ಚೀಲ ಕನಿಷ್ಠ 20 ಲೀಟರಿನದು, ಒಂದು ಚೀಲಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಎರಡರಷ್ಟು ಬರುತ್ತದೆಂಬುದು ಭ್ರಮೆ. ಮೂರು ಪಾಲು ಕೆಂಪು ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ನಾರಿನ ಪುಡಿ, ಎರಡು ಹಿಡಿ ಬೇವಿನ ಹಿಂಡಿ. ಕೆಳಗಿನ ಎರಡು ಜೊತೆ ಎಲೆ ಚಿವುಟಿ ಕಾಂಡವನ್ನು ಅಲ್ಲಿಯವರೆಗೂ ಹೂಳಿ, ಹೂತ ಕಾಂಡವೆಲ್ಲ ಬೇರು ಬಿಡುತ್ತದೆ. ಚೀಲವನ್ನು ನೇರ ಕಾಂಕ್ರೀಟಿನ ಮೇಲೆ ಇಡದೆ ಇಟ್ಟಿಗೆಯ ಮೇಲೆ ಕೂರಿಸಿ. ನಾಟಿಯಾದ ಮೇಲೂ ಮೂರು ವಾರ ಪರದೆ ಇರಲಿ, ಹೂ ಕಾಣಿಸಿದ ಮೇಲೆ ತೆಗೆಯಿರಿ. ಪಕ್ಕದಲ್ಲೊಂದು ಹಳದಿ ಅಂಟು ಹಾಳೆ ನೇತುಹಾಕಿ. ಬಿಳಿನೊಣ ಎಷ್ಟಿದೆ ಎಂದು ತಿಳಿಯಲು ಅದು ಒಳ್ಳೆಯದು, ಅದೊಂದರಿಂದಲೇ ಹತೋಟಿಗೆ ಬರುತ್ತದೆಂದು ನಂಬಬೇಡಿ.

ಮೇಲುಗೊಬ್ಬರಕ್ಕೆ ಬೇಕಾದ್ದು ಸಂಯಮ. ನಾಟಿ ಮಾಡಿದ ಮೂರು ವಾರಕ್ಕೆ ಒಂದು ಹಿಡಿ ಎರೆಗೊಬ್ಬರ. ಮೊದಲ ಗೊಂಚಲಿನಲ್ಲಿ ಕಾಯಿ ಗೋಲಿ ಗಾತ್ರಕ್ಕೆ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿ, ಒಂದಕ್ಕೆ ಹತ್ತರಷ್ಟು ನೀರು ಬೆರೆಸಿ. ಹೆಸರಘಟ್ಟದವರ ‘ಅರ್ಕಾ ವೆಜಿಟೆಬಲ್ ಸ್ಪೆಷಲ್’ ಎಂಬ ಲಘು ಪೋಷಕಾಂಶದ ಪುಡಿ ಸಿಕ್ಕರೆ ಪೊಟ್ಟಣದ ಮೇಲಿನ ಅಳತೆಯಲ್ಲಿ ಎಲೆಗೆ ಸಿಂಪಡಿಸಿ. ಒಲೆ ಬೂದಿ ಬೇಡ. ನಮ್ಮ ಬೋರ್‌ವೆಲ್ ನೀರೇ ಗಡಸು, ಅದರ ಮೇಲೆ ಬೂದಿ ಸುರಿದರೆ ಮಣ್ಣು ಇನ್ನೂ ಕ್ಷಾರವಾಗಿ ಕುಡಿ ಎಲೆ ಬಿಳಿಚಿಕೊಳ್ಳುತ್ತದೆ.

ತಳ ಕಪ್ಪಾದ ನಾಲ್ಕು ಹಣ್ಣುಗಳಿಗೆ ನೀವು ಮೊಟ್ಟೆ ಸಿಪ್ಪೆ ಹಾಕಿದ್ದು ಅರ್ಧ ಸರಿ. ಕಾಯಿಯ ತಳಕ್ಕೆ ಕ್ಯಾಲ್ಸಿಯಂ ತಲುಪದಿದ್ದಾಗಲೇ ಅದು ಕಪ್ಪಾಗಿ ಚರ್ಮದಂತೆ ಒಳಕ್ಕೆ ಕುಸಿಯುತ್ತದೆ. ಆದರೆ ಮೊಟ್ಟೆ ಸಿಪ್ಪೆ ಮಣ್ಣಿನಲ್ಲಿ ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು, ಹಾಕಿದ ಬೆಳೆಗೆ ದಕ್ಕುವುದಿಲ್ಲ. ಗಡಸು ನೀರು ಹಾಕುವ ಬೆಂಗಳೂರಿನ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲದೆಯೂ ಇಲ್ಲ. ಇಲ್ಲದ್ದು ಅದನ್ನು ಹೊತ್ತು ತಳದವರೆಗೆ ಒಯ್ಯುವ ನೀರಿನ ಓಟ. ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ಟುಗಟ್ಟಲೆ ಸುರಿದರೆ ಆಗುವುದು ಇದೇ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿ ಮಣ್ಣು ಬೆರಳಿಗೆ ಅಂಟಿದರೆ ಆ ದಿನ ನೀರು ಬೇಡ, ಪುಡಿಪುಡಿಯಾಗಿ ಜಾರಿದರೆ ಬೇಕು. ಚಳಿಗಾಲದಲ್ಲಿ ಕಾಯಿ ಹೊತ್ತ ಗಿಡಕ್ಕೆ ದಿನಕ್ಕೆ ಒಂದೂವರೆ, ಎರಡು ಲೀಟರ್. ಬೆಳಿಗ್ಗೆ, ಬುಡಕ್ಕೆ ಮಾತ್ರ. ಮೇಲೆ ಎರಡು ಅಂಗುಲ ಒಣ ಎಲೆ ಹೊದಿಕೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಾಗ ನಮ್ಮ ಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರಿಗೆಂದೇ ಒಂದು ಬಕೆಟ್ ಸಿಂಕಿನ ಪಕ್ಕ ಬಂದು ಕೂತಿತು, ಇಂದಿಗೂ ಎದ್ದಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಗಿಡಕ್ಕೆ ಬರಿದೇ ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಊರುಗೋಲಿಗೆ ಸರ್ವೆ ಗಳವೋ ಬಿದಿರೋ ಆದೀತು, ಸಸಿ ನೆಡುವಾಗಲೇ ನಿಲ್ಲಿಸಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಸುತಳಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಅರ್ಕಾ ವಿಕಾಸ್ ತೀರಾ ಬಳ್ಳಿಯಂತೆ ಓಡುವ ಜಾತಿಯಲ್ಲ. ಮೊದಲ ಹೂಗೊಂಚಲಿನ ಕೆಳಗಿನ ಕಂಕುಳ ಚಿಗುರನ್ನಷ್ಟೇ ಚಿವುಟಿ, ಮೇಲಿನದನ್ನು ಬಿಡಿ, ಕಾಯಿ ಅಲ್ಲಿಂದಲೇ ಬರಬೇಕು.

ಹೂ ಬಂದಾಗ ಒಂದು ಚಿಕ್ಕ ಕೆಲಸವಿದೆ. ಟೊಮೆಟೊ ಹೂವಿನಲ್ಲಿ ಪರಾಗ ಒಂದು ಹಳದಿ ಕೊಳವೆಯೊಳಗೆ ಇರುತ್ತದೆ, ಅಲುಗಿಸಿದರೆ ಮಾತ್ರ ಉದುರುತ್ತದೆ. ಜೇನುನೊಣಕ್ಕೆ ಆ ಕಲೆ ಗೊತ್ತಿಲ್ಲ. ಬೆನ್ನ ಮೇಲೆ ನೀಲಿ ಪಟ್ಟೆಯ ಒಂದು ಒಂಟಿ ಜೇನು ಬಂದು ಹೂವನ್ನು ತಬ್ಬಿ ‘ಝ್ಝೀ’ ಎಂದು ನಡುಗಿಸಿ ಪರಾಗ ಉದುರಿಸುತ್ತದೆ. ನಿಮ್ಮ ತಾರಸಿಗೆ ಅದು ಬಂದರೆ ಅದೃಷ್ಟ. ಬರದಿದ್ದರೆ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಗೊಂಚಲಿನ ಹಿಂದಿನ ಕಾಂಡಕ್ಕೆ ಬೆರಳಿಂದ ಎರಡು ಸಲ ಟಕಟಕ ತಟ್ಟಿ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಎಂಟು ಗಿಡ ಸುತ್ತಿ ಬರಬಹುದು.

ಚಳಿಗಾಲದ ಇಬ್ಬನಿಗೆ ಕೆಳಗಿನ ಎಲೆಗಳ ಮೇಲೆ ಮರದ ಉಂಗುರದಂತೆ ಸುತ್ತು ಸುತ್ತಿನ ಕಂದು ಚುಕ್ಕೆ ಬಂದರೆ ಅದು ಅಂಗಮಾರಿ. ಆ ಎಲೆ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ. ನೆಲದಿಂದ ಒಂದಡಿಯವರೆಗೆ ಎಲೆಯಿಲ್ಲದಂತೆ ಇಟ್ಟರೆ ಅರ್ಧ ರೋಗ ಕಡಿಮೆ. ಕಾಯಿ ಕೊರೆಯುವ ಹುಳಕ್ಕೆ ಸುತ್ತ ಚೆಂಡು ಹೂ ಹಾಕಿ. ಹೊಲದಲ್ಲಿ 45 ದಿನದ ಚೆಂಡು ಹೂ ಸಸಿಯನ್ನು 25 ದಿನದ ಟೊಮೆಟೊ ಸಸಿಯ ಜೊತೆ ನೆಡುವ ಪದ್ಧತಿ ಇದೆ, ಎರಡೂ ಒಟ್ಟಿಗೆ ಹೂ ಬಿಟ್ಟು ಪತಂಗ ಚೆಂಡು ಹೂವಿಗೆ ಮೊಟ್ಟೆ ಇಡಲಿ ಎಂದು. ನಿಮ್ಮ ಲೆಕ್ಕದಲ್ಲಿ ಚೆಂಡು ಹೂವಿನ ಬೀಜ ಸೆಪ್ಟೆಂಬರ್ ಮೊದಲ ವಾರವೇ ಬೀಳಬೇಕು. ಎಲೆಯೊಳಗೆ ಬಿಳಿ ಮಚ್ಚೆ ಬಿದ್ದು ಸುಟ್ಟಂತಾದರೆ ಅದು 2014ರಲ್ಲಿ ಭಾರತಕ್ಕೆ ಕಾಲಿಟ್ಟ ಟುಟಾ ಎಂಬ ಹುಳ. ಎಂಟೇ ಗಿಡವಾದ್ದರಿಂದ ಎಲೆ ಕಿತ್ತು ಹೊಸಕಿಹಾಕುವುದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಹಣ್ಣನ್ನು ಗಿಡದಲ್ಲೇ ಪೂರ್ತಿ ಕೆಂಪಾಗಲು ಬಿಟ್ಟರೆ ಅಳಿಲಿಗೆ ಹಬ್ಬ. ತಳದಲ್ಲಿ ನಸುಗೆಂಪು ಮೂಡಿದ ದೋರಗಾಯಿಯನ್ನೇ ಕಿತ್ತು ಅಡುಗೆಮನೆಯ ಬುಟ್ಟಿಯಲ್ಲಿಡಿ, ರುಚಿ ಕೆಡುವುದಿಲ್ಲ. ಕೆಡುವುದು ಫ್ರಿಜ್ಜಿನಲ್ಲಿ. ಅಲ್ಲಿನ ಚಳಿಗೆ ಪರಿಮಳವೇ ಸತ್ತುಹೋಗುತ್ತದೆ.

ಬೀಜದ ವಿಷಯದಲ್ಲಿ ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ: ಇದ್ದುದರಲ್ಲಿ ದೊಡ್ಡ ಹಣ್ಣನ್ನು ಬೀಜಕ್ಕಿಡುವುದು. ನೀವು ಆರಿಸಬೇಕಾದ್ದು ಗಿಡವನ್ನು. ಡಿಸೆಂಬರ್‌ನಲ್ಲೇ ನೋಡಿಡಿ: ಯಾವ ಗಿಡಕ್ಕೆ ಮುಟುರು ಹತ್ತಲಿಲ್ಲ, ಯಾವುದು ಗೊಂಚಲಿಗೆ ನಾಲ್ಕೈದು ಕಾಯಿ ಹಿಡಿಯಿತು, ಯಾವುದರ ಸಾರು ಮನೆಯವರು ಕೇಳಿ ಹಾಕಿಸಿಕೊಂಡರು. ಅಂಥ ಎರಡು, ಮೂರು ಗಿಡಕ್ಕೆ ಕೆಂಪು ದಾರ ಕಟ್ಟಿ. ಅವುಗಳ ಎರಡನೇ ಗೊಂಚಲಿನ ಹಣ್ಣನ್ನು ಗಿಡದಲ್ಲೇ ಮೆತ್ತಗಾಗುವಷ್ಟು ಬಿಟ್ಟು, ಬಟ್ಟೆಯ ಚೀಲ ಕಟ್ಟಿ ಅಳಿಲಿನಿಂದ ಕಾಪಾಡಿ. ಆಮೇಲೆ ಅಡ್ಡಕ್ಕೆ ಕೊಯ್ದು ಲೋಳೆ ಸಮೇತ ಬೀಜವನ್ನು ಗಾಜಿನ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಬೆರೆಸಿ ಎರಡು, ಮೂರು ದಿನ ಬಿಡಿ. ಮೇಲೆ ಬಿಳಿ ಬೂಷ್ಟು ಕಟ್ಟಿ ಹುಳಿ ನಾತ ಬರುತ್ತದೆ, ಮನೆಯವರು ಬೈಯುತ್ತಾರೆ, ಸಹಿಸಿಕೊಳ್ಳಿ. ಆ ಹುಳಿತದಲ್ಲೇ ಬೀಜದ ಮೇಲಿನ ಲೋಳೆ ಪೊರೆ ಕರಗುವುದು. ನೀರು ಹಾಕಿ ಕಲಕಿ, ತೇಲಿದ ಜೊಳ್ಳು ಚೆಲ್ಲಿ, ತಳದಲ್ಲಿ ಕೂತದ್ದನ್ನು ಜರಡಿಯಲ್ಲಿ ತೊಳೆದು ಸ್ಟೀಲ್ ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಕಚ್ಚಿಕೊಂಡುಬಿಡುತ್ತದೆ. ವಾರ ಒಣಗಿದ ಮೇಲೆ ಪುಟ್ಟ ಸೀಸೆಗೆ ತುಂಬಿ, ಗಿಡದ ಗುರುತು ಮತ್ತು ವರ್ಷ ಬರೆದಿಡಿ. ನಾಲ್ಕು ವರ್ಷ ಮೊಳೆಯುತ್ತದೆ. ಟೊಮೆಟೊ ತನ್ನ ಪರಾಗಕ್ಕೇ ಕಾಯಿ ಕಚ್ಚುವ ಗಿಡ. ಬೇರೆ ತಳಿ ನಾಲ್ಕೈದು ಮೀಟರ್ ದೂರವಿದ್ದರೆ ಬೆರಕೆಯ ಭಯ ಅಷ್ಟಾಗಿ ಬೇಡ. ಹೀಗೆ ನಾಲ್ಕೈದು ವರ್ಷ ನಿಮ್ಮದೇ ತಾರಸಿಯಲ್ಲಿ ಆರಿಸುತ್ತ ಹೋದರೆ ಅದು ನಿಮ್ಮ ಮನೆಯ ನಾಟಿ. ಹೇರ್ಲೂಮ್ ಎಂದರೂ ಅಷ್ಟೇ, ಯಾರದೋ ಮನೆಯವರು ತಲೆತಲಾಂತರ ಹೀಗೆ ಕಾಪಾಡಿಕೊಂಡು ಬಂದ ಬೀಜ. ನಿಮ್ಮ ಚೆರೋಕಿ ಪರ್ಪಲ್‌ಗೂ ಆ ಹೆಸರು ಬಿದ್ದದ್ದು 1990ರಲ್ಲಿ, ಟೆನೆಸಿಯಿಂದ ಒಬ್ಬರು ಹೆಸರಿಲ್ಲದ ಬೀಜವನ್ನು ಇನ್ನೊಬ್ಬ ಬೀಜಪ್ರೇಮಿಗೆ ಅಂಚೆಯಲ್ಲಿ ಕಳಿಸಿದಾಗ.

ಅದನ್ನೂ, ಬ್ರಾಂಡಿವೈನನ್ನೂ ಬಿಡಬೇಕೇ? ಬೀಜ ಉಳಿದಿದ್ದರೆ ಅಕ್ಟೋಬರ್‌ನಲ್ಲಿ ಒಂದೊಂದು ಚೀಲಕ್ಕೆ ಹಾಕಿ, ಪರದೆಯೊಳಗೆ. ದೊಡ್ಡ ಹಣ್ಣಿನ ಆ ತಳಿಗಳು ನಿಧಾನ, ಮುಟುರು ರೋಗವನ್ನು ತಡೆಯುವ ಶಕ್ತಿ ಅವಕ್ಕಿಲ್ಲ, ಗಿಡಕ್ಕೆ ಐದಾರು ಹಣ್ಣು ಬಂದರೆ ಭಾಗ್ಯ. ಉಪ್ಪು, ಕಾಳುಮೆಣಸು ಉದುರಿಸಿ ಹಸಿಯಾಗಿ ತಿನ್ನಲು ಚೆನ್ನ, ಸಾರಿಗೆ ನನಗೆ ಹಿಡಿಸಲಿಲ್ಲ. ಉಳಿದ ಆರು ಚೀಲ ಅರ್ಕಾ ವಿಕಾಸ್‌ಗಿರಲಿ. ಬೀಜ ಹೆಸರಘಟ್ಟದ ಸಂಸ್ಥೆಯ ಮಾರಾಟ ಕೇಂದ್ರದಲ್ಲೇ ಕೊಳ್ಳುವುದು ಒಳ್ಳೆಯದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ನವೆಂಬರ್‌ನ ಕೃಷಿ ಮೇಳದವರೆಗೆ ಕಾಯಬೇಡಿ, ಬಿತ್ತನೆಗೆ ತಡವಾಗುತ್ತದೆ. ಮಾಗಡಿ ಕಡೆ ನಿಮ್ಮವರು ಇನ್ನೂ ಇದ್ದರೆ ಹಿತ್ತಲಲ್ಲಿ, ತಿಪ್ಪೆಯ ಬದಿಯಲ್ಲಿ ತಾನಾಗಿ ಹುಟ್ಟಿದ ಟೊಮೆಟೊ ಗಿಡ ಇದೆಯೇ ಎಂದು ಒಮ್ಮೆ ಕೇಳಿ ನೋಡಿ. ಯಾರೂ ನೋಡಿಕೊಳ್ಳದೆ ವರ್ಷ ವರ್ಷ ತಾನೇ ಹುಟ್ಟಿ ಕಾಯಿ ಬಿಡುತ್ತಿರುವ ಗಿಡ ಸಿಕ್ಕರೆ ಅರ್ಕಾ ವಿಕಾಸ್‌ಗಿಂತ ಮೊದಲು ಅದರ ಬೀಜ ಹಾಕಿ ಎಂದೇ ಹೇಳುತ್ತೇನೆ.

ಈಗ ಇನ್ನೂ ಜೂನ್. ಹಳೆಯ ಗಿಡಗಳನ್ನು ಬೇರು ಸಮೇತ ಕಿತ್ತು ಹೊರಗೆ ಹಾಕಿ, ಮುಟುರು ಹತ್ತಿದ್ದನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಚೀಲದ ಮಣ್ಣನ್ನು ಹರಡಿ ಎರಡು ದಿನ ಬಿಸಿಲು ಕಾಣಿಸಿ, ಸೆಪ್ಟೆಂಬರ್‌ವರೆಗೆ ಅದರಲ್ಲಿ ಹುರುಳಿಕಾಯಿಯೋ ಅಲಸಂದೆಯೋ ಹಾಕಿ. ಬದನೆ, ಮೆಣಸಿನಕಾಯಿ ಬೇಡ, ಅವೆಲ್ಲ ಟೊಮೆಟೊದ ದಾಯಾದಿಗಳು.